ಮಳೆಗಾಲದ ಒಲೆ ಮತ್ತು ಒಣಸೌದೆ
(ಸಕಲೇಶಪುರ, ಆಲೂರು ಸೀಮೆಯ ಹಿಡುವಳಿದಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)



ತೋಟ ಗದ್ದೆಗಳ ವಿಚಾರವನ್ನು ಬಿಟ್ಟು ಒಲೆಯ ವಿಚಾರವನ್ನು ಎತ್ತಿಕೊಂಡುದಕ್ಕೆ ತಾವು ಆಶ್ಚರ್ಯಪಡಬಹುದು. ಒಲೆ ಉರಿಯದಿದ್ದರೆ ನಾವು ಒಲೆಯನ್ನು ದೂರುತ್ತೇವೆ. ಕೆಲವರು ಒಲೆಯ ಮುಂದೆ ಕುಳಿತವರನ್ನೂ ದೂರುವುದುಂಟು. ದೋಷವಾದರೋ ಬಹುಮಟ್ಟಿಗೆ ಸೌದೆಯ ಕೊಟ್ಟಿಗೆಯಲ್ಲಿರುತ್ತದೆ. ಸೌದೆಯನ್ನು ಯಾವಾಗ ಕಡಿಸಬೇಕೆಂದು ಗೊತ್ತುಮಾಡುವವರು ಯಜಮಾನರಾದ ತಾವಾದುದರಿಂದ ಈ ಅರಿಕೆಯನ್ನು ತಮ್ಮಲ್ಲಿಯೇ ಮಾಡಬೇಕಾಗಿದೆ. ಅಡಿಗೆಗೆ ಅನಿಲ ಬಂದಿರುವ ಅನೇಕ ಮನೆಗಳಲ್ಲಿಯೂ ಬಚ್ಚಲ ಹಂಡೆಗೆ ಸೌದೆಯೇ ಆಧಾರವಷ್ಟೆ.

ಆಗತಾನೆ ಕಡಿದ ಸೌದೆ 10 ಕಿಲೋ ತೂಗಿದರೆ ಅದರಲ್ಲಿ ಸುಮಾರು 5 ಕಿಲೋ ನೀರೇ ಇರುತ್ತದೆ. ಈ ನೀರು ಆವಿಯಾಗುವವರೆಗೆ ಬೆಂಕಿಯ ಕಾವು ಪಾತ್ರೆಗೆ ಸರಿಯಾಗಿ ಮುಟ್ಟಲಾರದು. ಹೊಗೆಯೆಂಬುದು ಪೂರ್ತಿಯಾಗಿ ಉರಿಯದೆ ಹೋದ ಸೌದೆಯ ಅಂಶವೇ. ಅದು ಹೆಂಗಸರ ಕಣ್ಣಿಗೂ ಮಕ್ಕಳ ಶ್ವಾಸಕೋಶಕ್ಕೂ ಕೇಡು. ತಮ್ಮ ಸೌದೆಗೂ ನಷ್ಟ.

ನಮ್ಮ ಸೀಮೆಯಲ್ಲಿ ಒಂದು ವಿಶೇಷ ತೊಡಕಿದೆ. ಮುಂಗಾರಿಗೆ ಮುಂಚೆ ಮರಗಸಿ ನಡೆಯುತ್ತದೆ; ಕೊಂಬೆಗಳು ತೋಟದಲ್ಲಿ ಬಿದ್ದಿರುವಾಗಲೇ ಮಳೆ ಹಿಡಿಯುತ್ತದೆ; ಪುನರ್ವಸು, ಪುಷ್ಯ ಮಳೆಗಳಲ್ಲಿ ಅದೇ ಹಸಿಕೊಂಬೆ ಒಲೆಗೆ ಬರುತ್ತದೆ. ಹಾಗಾಗಬಾರದು. ಈ ವರ್ಷದ ಮರಗಸಿಯ ಸೌದೆ ಬರುವ ವರ್ಷದ ಮಳೆಗಾಲಕ್ಕೆಂದು ತಿಳಿಯತಕ್ಕದ್ದು. ಈ ಮಳೆಗಾಲಕ್ಕೆ ಬೇಕಾದುದನ್ನು ಕಾಫಿಯ ಕೊಯ್ಲು ಮುಗಿದೊಡನೆಯೇ ಕಡಿಸಿ, ಸೀಳಿಸಿ ಬಿಸಿಲಿಗೆ ಹಾಕಿಸಬೇಕು. ತೊಗಟೆ ನೀರನ್ನು ಹಿಡಿದಿಡುವುದರಿಂದ ಸೀಳದ ದಿಮ್ಮಿ ಬೇಗ ಒಣಗದು. ಕಲ್ಲುಗಳ ಮೇಲೆ ನೆಲ ಸೋಕದಂತೆ ಅಡ್ಡಡ್ಡಲಾಗಿ ಪೇರಿಸಿ, ಮೇಲೆ ಮಾತ್ರ ಹೊದಿಕೆ ಹಾಕಿ, ಪಕ್ಕಗಳನ್ನು ಗಾಳಿಗೆ ಬಿಡಬೇಕು. ಸುತ್ತಲೂ ಪ್ಲಾಸ್ಟಿಕ್ ಹಾಳೆ ಬಿಗಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಒಣಗಿದ ಎರಡು ತುಂಡುಗಳನ್ನು ಬಡಿದರೆ ಟಣ್ಣೆಂದು ಶಬ್ದವಾಗುವುದು. ತುದಿಗಳಲ್ಲಿ ಬಿರುಕೂ ಕಾಣುವುದು. ಕಿತ್ತ ಹಳೆಯ ಕಾಫಿಗಿಡದ ಕಾಂಡ ಗಟ್ಟಿಯಾದುದರಿಂದ ಒಳ್ಳೆಯ ಕೆಂಡ ಕೊಡುತ್ತದೆ. ಹಾಲುವಾಣ ಹಗುರ, ಬೇಗ ಉರಿದುಹೋಗುತ್ತದೆ. ಅದನ್ನು ನೆಚ್ಚಿ ಹಂಡೆ ಕಾಯಿಸಹೊರಟವರು ಸೌದೆ ಹೊತ್ತೇ ಬೆವರುವರು.

ಇನ್ನು ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು 1980ರ ದಶಕದಲ್ಲಿ ಬಳಕೆಗೆ ತಂದ ಮೂರು ಪಾತ್ರೆಯ ಅಸ್ತ್ರ ಒಲೆಯನ್ನು ತಮ್ಮಲ್ಲಿ ಕೆಲವರು ಬಲ್ಲಿರಿ. ಅದರ ಹೊಗೆ ಹಿಂದಕ್ಕೆ ಬರುತ್ತದೆಂದರೆ ಮೊದಲು ಪಾತ್ರೆಗಳನ್ನು ನೋಡಬೇಕು. ಒಂದು ಕಣ್ಣು ತೆರೆದಿದ್ದರೂ, ಪಾತ್ರೆ ಸರಿಯಾಗಿ ಕೂಡದಿದ್ದರೂ ತಣ್ಣನೆಯ ಗಾಳಿ ನುಗ್ಗಿ ಕೊಳವೆಯ ಸೆಳೆತ ಕೆಡುತ್ತದೆ. ಅನಂತರ ಕೊಳವೆಯ ಮಸಿಯನ್ನು ತೆಗೆಸಬೇಕು. ಹಸಿಸೌದೆ ಉರಿಸಿದಷ್ಟೂ ಮಸಿ ಹೆಚ್ಚು. ಕೊಳವೆಯ ತುದಿ ಮಾಡಿನ ಅತ್ಯಂತ ಎತ್ತರದ ಭಾಗಕ್ಕಿಂತಲೂ ಮೇಲಿರಬೇಕು. ಮುಂಜಾನೆ ಕೊಳವೆ ತಣ್ಣಗಿರುವುದರಿಂದ ಮೊದಲು ಒಂದು ಹಿಡಿ ಒಣ ಚಕ್ಕೆಗಳನ್ನು ಉರಿಸಿ ಅದನ್ನು ಬೆಚ್ಚಗೆ ಮಾಡಿದರೆ ಹೊಗೆ ಮೇಲೇರುತ್ತದೆ. ಒಲೆಯ ಬಾಯಿಗೆ ಸೌದೆ ತುರುಕಬಾರದು. ಜಾಲರಿಯ ಕೆಳಗೆ ಬೂದಿ ತುಂಬಿದ್ದರೆ ಗಾಳಿ ಬರಲು ದಾರಿಯೇ ಇರುವುದಿಲ್ಲ.

ಕಡೆಯದಾಗಿ, ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವ ಪದ್ಧತಿ ಪ್ರಾಣಾಪಾಯಕರ. ಕೆಂಡದಿಂದ ಹೊರಡುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಂತಹ ಕೋಣೆಯಲ್ಲಿ ಯಾರಿಗಾದರೂ ತಲೆನೋವು, ಓಕರಿಕೆ ಕಂಡರೆ ಕೂಡಲೆ ಅವರನ್ನು ಹೊರಗಿನ ಗಾಳಿಗೆ ಕರೆತಂದು, ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.