ಹತ್ತು ಮೀಟರ್ ನಡಿಗೆ

ಬೆಂಗಳೂರಿನ ಪೇಟೆಗಳಲ್ಲಿ ಅಳೆಯುವ ಕಸುಬು ಹಳೆಯದು. ಚಿಕ್ಕಪೇಟೆಯಲ್ಲಿ ಬಟ್ಟೆಗೆ ಮೀಟರ್ ಕೋಲು, ಅವೆನ್ಯೂ ರಸ್ತೆಯ ಚಿನ್ನದಂಗಡಿಯಲ್ಲಿ ತಕ್ಕಡಿ. ಹಿಂದೆ ದೊಡ್ಡಪೇಟೆ ಎನಿಸಿದ್ದ ಈ ರಸ್ತೆ ಹಿಡಿದು ಮೈಸೂರು ಬ್ಯಾಂಕ್ ಸರ್ಕಲ್ಲಿನಿಂದ ಮಾರ್ಕೆಟ್ಟಿಗೆ ಬಂದರೆ, ಹತ್ತಿರದಲ್ಲೇ 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಆಸ್ಪತ್ರೆ. ಮರದಿಂದ ಬಿದ್ದೋ, ರಸ್ತೆ ಅಪಘಾತದಲ್ಲೋ ಬೆನ್ನುಹುರಿಗೆ ಪೆಟ್ಟಾದ ಮಗುವನ್ನು ಎತ್ತಿಕೊಂಡು ಬರುವ ತಾಯಿ ಯಾವ ಆಸ್ಪತ್ರೆಯಲ್ಲಾದರೂ ಕೇಳುವುದು ಒಂದೇ: “ಡಾಕ್ಟ್ರೇ, ನನ್ ಮಗು ಮತ್ತೆ ನಡೆಯುತ್ತಾ?” ಉತ್ತರ ಹೇಳಬೇಕಾದರೆ ಮೊದಲು ನಡಿಗೆಯನ್ನು ಅಳೆಯಬೇಕು. ಅದಕ್ಕೆ ಕೋಲು ಎಲ್ಲಿಂದ ತರುವುದು?

ಸುಮಾರು 3600 ವರ್ಷ ಹಳೆಯ ಈಜಿಪ್ಟಿನ ವೈದ್ಯಗ್ರಂಥವೊಂದು ಇಂಥ ಪೆಟ್ಟನ್ನು ಚಿಕಿತ್ಸೆಯಿಲ್ಲದ್ದೆಂದು ಕೈಬಿಟ್ಟಿತ್ತು. ಬದುಕುಳಿಯುವುದೇ ಅಪರೂಪವಾಗಿದ್ದಾಗ ನಡಿಗೆಯ ಲೆಕ್ಕ ಯಾರಿಗೆ ಬೇಕಿತ್ತು? 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಅವರು ಹಾಸಿಗೆ ಹುಣ್ಣು, ಮೂತ್ರದ ಸೋಂಕುಗಳನ್ನು ತಡೆಯುವ ಶಿಸ್ತು ತಂದ ಮೇಲೆ ರೋಗಿಗಳು ಉಳಿದರು, ಲೆಕ್ಕವೂ ಬೇಕಾಯಿತು. 1969ರಲ್ಲಿ ಅಲ್ಲಿನವರೇ ಆದ ಫ್ರಾಂಕೆಲ್ ಮತ್ತು ಸಂಗಡಿಗರು ಎ ಯಿಂದ ಇ ವರೆಗೆ ಪೆಟ್ಟಿನ ಐದು ದರ್ಜೆ ಮಾಡಿದರು. ಆದರೆ ವಾಕರ್ ಹಿಡಿದು ನಡೆಯುವವರೂ, ಏನೂ ಹಿಡಿಯದೆ ನಡೆಯುವವರೂ ಡಿ ಎಂಬ ಒಂದೇ ಗೂಡಿನಲ್ಲಿ ಸೇರಬಹುದಾಗಿತ್ತು.

ಈ ಗಂಟನ್ನು ಬಿಡಿಸಲು ಹೊರಟದ್ದು ‘ವಿಸ್ಕಿ’ ಎಂಬ ಮಾಪನ. ಹೆಸರು ಕೇಳಿ ನಗಬೇಡಿ, ಅದು ಇಂಗ್ಲಿಷ್ ಹೆಸರಿನ ಮೊದಲಕ್ಷರಗಳ ಜೋಡಣೆ ಅಷ್ಟೆ. ಅಮೆರಿಕದ ಜಾನ್ ಡಿಟುನ್ನೊ ಹಾಗೂ ಹಲವು ದೇಶಗಳ ತಜ್ಞರು 2000ದಲ್ಲಿ ಪ್ರಕಟಿಸಿ, ಮರುವರ್ಷ ತಿದ್ದಿದರು. ತಿದ್ದಿದ ಮಾಪನದಲ್ಲಿ ಸೊನ್ನೆಯಿಂದ 20ರವರೆಗೆ ಮೆಟ್ಟಿಲು. ನಡೆಯಬೇಕಾದ್ದು ಹತ್ತು ಮೀಟರ್. ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಕಟ್ಟಿ, ಎರಡು ಸರಳುಗಳ ನಡುವೆ, ಇಬ್ಬರ ಆಸರೆಯಲ್ಲಿ ಅಷ್ಟು ದೂರ ಹೋದರೆ 2. ಕ್ಯಾಲಿಪರ್ ಇಲ್ಲದೆ ಜೋಡಿ ಊರುಗೋಲಿನಲ್ಲಿ ತಾನೇ ನಡೆದರೆ 16. ಯಾವ ಆಸರೆಯೂ ಬೇಡವಾದರೆ 20. ನಡೆಯುತ್ತಾನೋ ಇಲ್ಲವೋ ಎಂಬ ಪ್ರಶ್ನೆಯ ಜಾಗಕ್ಕೆ, ಏನು ಹಿಡಿದು, ಯಾರ ಕೈ ಹಿಡಿದು ನಡೆಯುತ್ತಾನೆ ಎಂಬ ಪ್ರಶ್ನೆ ಬಂತು.

ಆದರೆ ಇದು ದೊಡ್ಡವರ ಅಳತೆ. ಮಕ್ಕಳಿಗೆ ಹೊಂದುತ್ತದೆಯೇ ಎಂದು ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯೊಂದರವರು ಪರೀಕ್ಷಿಸಿದ್ದು ಆಮೇಲೆ. ತೊಡಕು ಹಲವು. ಪೆಟ್ಟು ಎಷ್ಟೆಂದು ತಿಳಿಯಲು ಗುಂಡುಸೂಜಿ ಮೊನೆ ತಾಗಿಸಿ “ಚುಚ್ಚಿತಾ?” ಎಂದರೆ ನಾಲ್ಕು ವರ್ಷದ ಕೂಸು ಅತ್ತೀತೇ ಹೊರತು ಸರಿಯಾಗಿ ಹೇಳದು. ಪೆಟ್ಟಾಗುವ ಮೊದಲು ನಡೆಯಲು ಕಲಿತೇ ಇರದ ಹಸುಗೂಸಿಗೆ ಹಳೆಯ ನಡಿಗೆ ಮರಳಿತೇ ಎಂದು ಕೇಳುವಂತೆಯೇ ಇಲ್ಲ. ಇನ್ನು ಕ್ಯಾಲಿಪರ್ ಕಟ್ಟಿಕೊಂಡು ಅಂಗಳವೆಲ್ಲ ಸುತ್ತಿದ ಮಗು, ಮೈ ತೂಕ ಹೆಚ್ಚಿ, ಬೆನ್ನುಮೂಳೆ ಬಾಗಿ, ಹರೆಯದಲ್ಲಿ ಗಾಲಿಕುರ್ಚಿಯನ್ನೇ ಆರಿಸಿಕೊಳ್ಳುವುದುಂಟು. ಅಂಕ ಇಳಿಯಿತೆಂದು ಮನೆಯವರು ಕಣ್ಣೀರಿಡುತ್ತಾರೆ. ಶಾಲೆಗೆ ಬೇಗ ತಲುಪಿದೆನೆಂದು ಹುಡುಗಿ ನಗುತ್ತಿರಬಹುದು.

ನಮ್ಮೂರಿನಲ್ಲಿ ಪೋಲಿಯೊಗೆ ತುತ್ತಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಅಂಗವಿಕಲರ ಸಂಸ್ಥೆ ಎಪಿಡಿಯನ್ನು ಕಟ್ಟಿದರು. ಕಾಲಿನ ಬಲಕ್ಕಿಂತ ಬದುಕಿನ ದಾರಿ ದೊಡ್ಡದೆಂಬ ಮಾತು ಅದರ ಕೆಲಸದಲ್ಲೇ ಇದೆ. ಆಸ್ಪತ್ರೆಯ ನುಣುಪು ನೆಲದ ಹತ್ತು ಮೀಟರ್ ಬೇರೆ, ಹಳೇ ಪುಸ್ತಕದ ರಾಶಿ, ಕೈಗಾಡಿ, ಕಿತ್ತ ಚಪ್ಪಡಿಗಳ ಅವೆನ್ಯೂ ರಸ್ತೆಯ ಹತ್ತು ಮೀಟರ್ ಬೇರೆ. ಆಸ್ಪತ್ರೆಯಲ್ಲಿ 16 ಪಡೆದ ಹುಡುಗ ಇಲ್ಲಿ ಎಷ್ಟು ಪಡೆದಾನು?

ಮಕ್ಕಳಿಗೆ ಬಟ್ಟೆ ಹೊಲಿಸುವಾಗ ಅಮ್ಮಂದಿರು ದರ್ಜಿಗೆ ಹೇಳುತ್ತಾರಲ್ಲ: “ಬೆಳೆಯೋ ಮಗು, ಒಳಗೆ ಒಂದು ಮಡಿಕೆ ಬಿಟ್ಟಿರಪ್ಪ.” ನಡಿಗೆಯ ಅಂಕ ಬರೆಯುವವರಿಗೂ ನಾನು ಹೇಳುವುದು ಅಷ್ಟೇ. ವರ್ಷವರ್ಷವೂ ಬಿಚ್ಚಿ ನೋಡಿ, ಮತ್ತೆ ಹೊಲಿಯಿರಿ.