ಕಪಾಟಿನಲ್ಲಿ ಬಿದ್ದಿರುವ ಡಿವಿಡಿ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನ ಪಾಳಿ ಮುಗಿಸಿ ಬಂದವರೂ ಹಿಂದೆ ಗಿರಣಿಯಲ್ಲಿ ದುಡಿದ ಹಿರಿಯರೂ ಇಲ್ಲಿ ಕೂಡಿದ್ದೀರಿ. ನಮ್ಮ ತಂಗಿಯರು, ಮಕ್ಕಳು ಅಮೆರಿಕದಿಂದಲೂ ದುಬಾಯಿಯಿಂದಲೂ ಹಿಂದೆ ಕಳಿಸಿದ ಡಿವಿಡಿಗಳು ಎಷ್ಟೋ ಮನೆಗಳ ಕಪಾಟಿನಲ್ಲಿ ಬಿದ್ದಿವೆ. ಹಾಕಿದರೆ ಓಡುವುದಿಲ್ಲ. ನಮ್ಮವರೊಬ್ಬರು ಅಮೆರಿಕದಲ್ಲಿ ನಡೆದ ತಂಗಿಯ ಸೀಮಂತದ ಡಿವಿಡಿಯನ್ನು ಅಂಗಡಿಗೆ ಒಯ್ದರು. “ಹಾಳಾಗಿದೆ, ಎಸೆಯಿರಿ” ಎಂದರಂತೆ. ಬಾಣಂತನಕ್ಕೆಂದು ಅಲ್ಲಿಗೆ ಹೋಗಿದ್ದ ಅವರ ತಾಯಿ ಅದರಲ್ಲಿದ್ದರು. ಆ ತಾಯಿ ಈಗಿಲ್ಲ.

ಡಿವಿಡಿ ಹಾಳಾಗಿರಲಿಲ್ಲ. ಇಲ್ಲಿರುವುದು ಎರಡು ಬೇರೆ ಬೇರೆ ತೊಡಕು. ಮೊದಲನೆಯದು ಬೀಗ. ಸಿನಿಮಾ ಕಂಪನಿಗಳು ಲೋಕವನ್ನೇ ವಲಯಗಳಾಗಿ ಹಂಚಿಕೊಂಡವು. ಅಮೆರಿಕ 1, ಯುರೋಪು ಮತ್ತು ಕೊಲ್ಲಿ ನಾಡು 2, ನಮ್ಮ ಭಾರತ 5. ಒಂದೇ ಚಿತ್ರವನ್ನು ಒಂದೊಂದು ಕಡೆ ಒಂದೊಂದು ಕಾಲಕ್ಕೆ, ಒಂದೊಂದು ಬೆಲೆಗೆ ಮಾರುವ ಉಪಾಯವದು. ಹಣ ತೆತ್ತು ಕೊಂಡವನಿಗೇ ಬೀಗ ಹಾಕುವುದು ನಮಗಂತೂ ನ್ಯಾಯವೆನಿಸದು. ಇರಲಿ, ಮನೆಯವರು ತೆಗೆಸಿದ ಮದುವೆ, ಸೀಮಂತಗಳಿಗೆ ಈ ಬೀಗ ಸಾಮಾನ್ಯವಾಗಿ ಇರುವುದೇ ಇಲ್ಲ.

ಅವುಗಳನ್ನು ಕಾಡುವುದು ಎರಡನೆಯ ತೊಡಕು, ಅಳತೆಯದು. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮ ಪಾಲ್ ಪದ್ಧತಿಯಲ್ಲಿ 625 ಗೆರೆ, 25 ಚಿತ್ರ. ಅಲ್ಲಿಯ ವಿದ್ಯುತ್ತು ಸೆಕೆಂಡಿಗೆ 60 ಆವರ್ತ, ಇಲ್ಲಿಯದು 50. ಭೇದ ಹುಟ್ಟಿದ್ದೇ ಅದರಿಂದ. ಹಳೆಯ ಟಿವಿಯಲ್ಲಿ ಅಲ್ಲಿಯ ಚಿತ್ರ ಬಣ್ಣ ಕಳೆದುಕೊಳ್ಳುತ್ತದೆ, ಇಲ್ಲವೆ ಗಿರಗಿರನೆ ಉರುಳುತ್ತದೆ. ದುಬಾಯಿಯದೂ ಪಾಲ್ ಪದ್ಧತಿಯೇ, ಅಲ್ಲಿಯ ಮನೆಚಿತ್ರಕ್ಕೆ ಈ ಕಾಟವಿಲ್ಲ.

ಸೀಮಂತದ ಡಿವಿಡಿಯನ್ನು ಎರಡೂ ಪದ್ಧತಿ ಬಲ್ಲ ಪ್ಲೇಯರಿಗೆ ಹಾಕಿ, ಸೆಟ್ಟಿಂಗಿನಲ್ಲಿ ‘ಪಾಲ್’ ಎಂದಿಟ್ಟೆವು. ತಾಯಿ ಆರತಿ ತಟ್ಟೆ ಹಿಡಿದು ಬಂದರು. ಅವರ ದನಿ ಕೇಳಿ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಕಂಪ್ಯೂಟರಿನಲ್ಲಿ ನೋಡುವವರಿಗೆ ಒಂದು ಎಚ್ಚರ. ಅದರ ಡಿವಿಡಿ ಡ್ರೈವಿನ ವಲಯವನ್ನು ಐದು ಸಲ ಮಾತ್ರ ಬದಲಿಸಬಹುದು; ಆಮೇಲೆ ಅದು ಅಲ್ಲಿಗೇ ನಿಲ್ಲುತ್ತದೆ. ಹುಡುಗರ ಕೈಗೆ ಬಿಡಬೇಡಿ.

ಅಮೆರಿಕದ ಹಳೆಯ ವಿಎಚ್‌ಎಸ್ ಟೇಪಿದ್ದರೆ ಅವಸರ ಮಾಡಿ. ಮುಂಬಯಿಯ ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಎನ್‌ಟಿಎಸ್‌ಸಿ ಓಡಿಸಬಲ್ಲ ವಿಸಿಆರ್ ಬೇಕು. ಕೆಲಸಕ್ಕೆ ಕೊಡುವಾಗ ಅದನ್ನೇ ಮೊದಲು ಕೇಳಿ, ಆಮೇಲೆ ದರ ಮಾತಾಡಿ. ಪ್ರತಿ ತೆಗೆಸಿದ ಮೇಲೂ ಮೂಲವನ್ನು ಎಸೆಯಬೇಡಿ.

ಮುಂದಿನ ಸಭೆಗೆ ನಿಮ್ಮ ಡಿವಿಡಿ ತನ್ನಿ. ಯಾರದು, ಯಾವ ಇಸವಿ ಎಂದು ಕವರಿನ ಮೇಲೆ ಬರೆದಿರಲಿ. ಡಿವಿಡಿಗೇ ಚೀಟಿ ಅಂಟಿಸಿದರೆ ತಿರುಗುವಾಗ ಅದು ಅಲುಗುತ್ತದೆ.