ತೂಕ ಇಳಿದ ಮೇಲೂ ಉಳಿಯುವ ಹೊಟ್ಟೆ

ದಪ್ಪಗಿರುವವರು ಸಣ್ಣಗಾಗುವುದು ಹೇಗೆಂಬ ವಿಚಾರವಾಗಿ ನೀವು ಬೇಕಾದಷ್ಟು ಕೇಳಿದ್ದೀರಿ, ಓದಿದ್ದೀರಿ. ಈ ಹೊತ್ತು ನಾನು ಹೇಳಹೊರಟಿರುವುದು ಅದರ ಮುಂದಿನ ಮಾತು. ವೈದ್ಯರು ಹೇಳಿದಂತೆ ಊಟವನ್ನು ಹಿಡಿತಕ್ಕೆ ತಂದು, ದಿನವೂ ನಡೆದು, ಹತ್ತು ಹದಿನೈದು ಕಿಲೋ ತೂಕ ಇಳಿಸಿದವರೊಬ್ಬರನ್ನು ಮನಸ್ಸಿಗೆ ತಂದುಕೊಳ್ಳಿ. ಮುಖ ಇಳಿದಿದೆ, ತೋಳು ಸಣ್ಣಗಾಗಿದೆ, ಬೆರಳಿನ ಉಂಗುರ ಸಡಿಲವಾಗಿದೆ. ಶಿರಾದ ಸಂತೆಯಲ್ಲಿ ಎದುರಾದ ನೆಂಟರು, “ಯಾಕಣ್ಣ, ಇಷ್ಟೊಂದು ಬಡವಾಗಿದ್ದೀಯ? ಮೈಗೆ ಹುಷಾರಿಲ್ಲವೆ?” ಎಂದು ಮರುಗುತ್ತಾರೆ. ಆದರೆ ಹೊಕ್ಕುಳ ಕೆಳಗಿನ ಮಡಿಕೆ ಮಾತ್ರ ಜಗ್ಗದೆ ಕೂತಿದೆ. ಬೇಡವಾದದ್ದು ಉಳಿಯಿತು, ಬೇಕಾದದ್ದು ಹೋಯಿತು ಎನ್ನುವಂತಾಗುತ್ತದೆ.

ಇದು ಬರಿಯ ಅಂದಚೆಂದದ ಪ್ರಶ್ನೆಯಾಗಿದ್ದರೆ ಇಷ್ಟು ಹೊತ್ತು ಮಾತನಾಡಬೇಕಾಗಿರಲಿಲ್ಲ. ಈ ಹಂತಕ್ಕೆ ಬಂದವರಲ್ಲಿ ಅನೇಕರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ‘ಏನು ಮಾಡಿದರೂ ಇಷ್ಟೇ’ ಎಂದು ಕೈಚೆಲ್ಲಿ ಹಳೆಯ ಊಟಕ್ಕೆ ಮರಳುವುದು ಒಂದು. ಉಳಿದದ್ದನ್ನೂ ಕರಗಿಸಿಯೇ ತೀರುತ್ತೇನೆಂದು ಉಪವಾಸ ಕೂರುವುದು ಇನ್ನೊಂದು. ಮೊದಲನೆಯದರಿಂದ ಪಟ್ಟ ಶ್ರಮವೆಲ್ಲ ನೀರುಪಾಲು. ಎರಡನೆಯದರಿಂದ ಪ್ರಾಣಕ್ಕೇ ಸಂಚಕಾರ ಬರಬಹುದು. ಅದರಲ್ಲಿಯೂ ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರಿಗೆ.

ಹೊಟ್ಟೆ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಅಲ್ಲಿರುವುದು ಒಂದೇ ವಸ್ತುವಲ್ಲ. ಚರ್ಮದ ಅಡಿಯಲ್ಲಿ ಮೆತ್ತೆಯಂತೆ ಹರಡಿರುವ ಕೊಬ್ಬು ಒಂದು. ಇದು ಕೈಗೆ ಸಿಕ್ಕುತ್ತದೆ. ಕರುಳು, ಯಕೃತ್ತುಗಳ ಸುತ್ತ ಒಳಗಡೆ ಸೇರಿಕೊಂಡಿರುವ ಕೊಬ್ಬು ಎರಡನೆಯದು. ಇದು ಕೈಗೆ ಸಿಕ್ಕುವುದಿಲ್ಲ. ಹೊಟ್ಟೆಯನ್ನು ಒಳಗಿನಿಂದ ಮುಂದಕ್ಕೆ ನೂಕಿ ಗಟ್ಟಿಯಾಗಿ ಕಾಣಿಸುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ರೋಗ ಇವುಗಳೊಂದಿಗೆ ಹೆಚ್ಚು ನಂಟುಳ್ಳದ್ದು ಈ ಒಳಗೊಬ್ಬು. ತೂಕ ಇಳಿಸತೊಡಗಿದಾಗ ಸಾಮಾನ್ಯವಾಗಿ ಮೊದಲು ಚುರುಕಾಗಿ ಕರಗುವುದೂ ಇದೇ. ಹೊಕ್ಕುಳ ಕೆಳಗಿನ ಹೊರಗೊಬ್ಬು ಹಠಮಾರಿ, ಕೊನೆಗೆ ಹೋಗುತ್ತದೆ. ಆದುದರಿಂದ ಕನ್ನಡಿಯಲ್ಲಿ ಹೊಟ್ಟೆ ಕಾಣುತ್ತಿದ್ದರೂ ಒಳಗಿನ ಶತ್ರು ಆಗಲೇ ಅರ್ಧ ಸೋತಿರಬಹುದು. ಈ ಮಾತು ನೆನಪಿನಲ್ಲಿರಲಿ.

ಮೂರನೆಯದು ಕೊಬ್ಬೇ ಅಲ್ಲ, ಬರಿಯ ಚರ್ಮ. ವರ್ಷಗಟ್ಟಲೆ ಹಿಗ್ಗಿದ್ದ ಚರ್ಮ ಒಳಗಿನ ತುಂಬು ಹೋದ ಮಾತ್ರಕ್ಕೆ ಕುಗ್ಗುವುದಿಲ್ಲ. ಕಾಳು ಖಾಲಿಯಾದ ಗೋಣಿಚೀಲದಂತೆ ಜೋಲುತ್ತದೆ. ನಾಲ್ಕನೆಯದು ಹೆಂಗಸರ ವಿಚಾರ. ಬಸಿರಿನಲ್ಲಿ ಹೊಟ್ಟೆಯ ಮುಂಭಾಗದ ಎರಡು ಸ್ನಾಯುಪಟ್ಟಿಗಳು ನಡುವೆ ಅಗಲುತ್ತವೆ. ಕೆಲವರಲ್ಲಿ ಹೆರಿಗೆಯ ನಂತರವೂ ಕೂಡಿಕೊಳ್ಳುವುದಿಲ್ಲ. ಆ ತಾಯಿ ಎಷ್ಟೇ ಸಣ್ಣಗಾದರೂ ಹೊಟ್ಟೆ ಮುಂದಕ್ಕೆ ಬಂದೇ ಇರುತ್ತದೆ. ಇಂಥವರನ್ನು ಉಪವಾಸ ಕೆಡವುವುದು ಅನ್ಯಾಯ. ಅವರಿಗೆ ಬೇಕಾದುದು ತಿಳಿದವರು ಹೇಳಿಕೊಡುವ ಸ್ನಾಯುಗಳ ವ್ಯಾಯಾಮ.

ನಿಮ್ಮದು ಯಾವುದೆಂದು ತಿಳಿಯುವುದು ಕಷ್ಟವಲ್ಲ. ನೆಟ್ಟಗೆ ನಿಂತು ಮಡಿಕೆಯನ್ನು ಎರಡು ಬೆರಳಿನಿಂದ ಹಿಡಿಯಿರಿ. ಒದ್ದೆ ಬಟ್ಟೆಯ ಹಾಗೆ ತೆಳ್ಳಗೆ ಸಿಕ್ಕಿದರೆ ಚರ್ಮ. ದಪ್ಪಗೆ ಮೆತ್ತಗೆ ಸಿಕ್ಕಿದರೆ ಹೊರಗೊಬ್ಬು. ಇನ್ನು ಒಳಗೊಬ್ಬಿಗೆ ಒಂದು ದಾರ ಸಾಕು. ನಿಮ್ಮ ಎತ್ತರದಷ್ಟು ದಾರ ಅಳೆದು, ಅದನ್ನು ಎರಡಾಗಿ ಮಡಿಸಿ, ಉಸಿರು ಬಿಟ್ಟು, ಹೊಕ್ಕುಳ ಮಟ್ಟದಲ್ಲಿ ಸುತ್ತಿ ನೋಡಿ. ತುದಿಗಳು ಕೂಡಿದರೆ ಒಳ್ಳೆಯದು; ಕೂಡದಿದ್ದರೆ ಇನ್ನೂ ಕೆಲಸವಿದೆ. ಟೇಪು ಇದ್ದರೆ, ನಮ್ಮ ದೇಶದವರಿಗೆ ವೈದ್ಯರು ಹಾಕಿಕೊಟ್ಟಿರುವ ಗಡಿ ಗಂಡಸರಿಗೆ ೯೦ ಸೆಂಟಿಮೀಟರು, ಹೆಂಗಸರಿಗೆ ೮೦. ನಮ್ಮ ಹಿರಿಯರ ಸೊಂಟದ ಉಡಿದಾರ ಬಿಗಿಯಾಯಿತೆ ಸಡಿಲವಾಯಿತೆ ಎಂಬುದನ್ನು ಯಾವ ತಕ್ಕಡಿಯೂ ಇಲ್ಲದೆ ಹೇಳುತ್ತಿತ್ತು.

ಒಂದು ಎಚ್ಚರಿಕೆ. ನೀವು ಪ್ರಯತ್ನ ಮಾಡದೆಯೇ ಮೈ ಇಳಿದು ಹೊಟ್ಟೆ ಮಾತ್ರ ಉಬ್ಬುತ್ತಿದ್ದರೆ ಅದು ಬೊಜ್ಜಿನ ಮಾತಲ್ಲ. ಯಕೃತ್ತಿನ ರೋಗ, ಕ್ಷಯ, ಗೆಡ್ಡೆ ಮೊದಲಾದವು ಹೀಗೆ ಕಾಣಿಸಿಕೊಳ್ಳುತ್ತವೆ. ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಿ.

ನಮ್ಮ ಜನಕ್ಕೆ ಹೊಟ್ಟೆಯಲ್ಲಿಯೇ ಏಕೆ ಹೀಗೆ ಸೇರುತ್ತದೆ? ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ವೈದ್ಯ ಯಡ್ಕಿನ್ ೨೦೦೪ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಚ್ಚುಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಸರಿಸಮ. ಆದರೆ ಮೈಯ ಕೊಬ್ಬು ಯಡ್ಕಿನ್ನರಲ್ಲಿ ನೂರಕ್ಕೆ ೯.೧, ಯಾಜ್ಞಿಕರಲ್ಲಿ ೨೧.೨! ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ೧೯೯೭-೯೮ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ನಡೆಸಿದ ಅಧ್ಯಯನ ಇದರ ಬೇರನ್ನು ಇನ್ನೂ ಹಿಂದಕ್ಕೆ ತೋರಿಸಿತು. ಅಲ್ಲಿ ಹುಟ್ಟಿದ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ತೂಕದಲ್ಲಿಯೂ ಅಳತೆಯಲ್ಲಿಯೂ ಚಿಕ್ಕವು. ಆದರೆ ಮುಂಡದ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ಎಂದರೆ, ಕೈಕಾಲಿನ ಮಾಂಸದಲ್ಲಿ ಬಡತನ, ನಡುಮೈಯ ಕೊಬ್ಬಿನಲ್ಲಿ ಮಾತ್ರ ಉಳಿತಾಯ. ಈ ಗುಣವನ್ನು ನಾವು ಹುಟ್ಟುತ್ತಲೇ ತರುತ್ತೇವೆ. ಆದುದರಿಂದ ಹೊಟ್ಟೆ ಉಳಿಯಿತೆಂದು ನಿಮ್ಮ ಮನೋಬಲವನ್ನು ಹಳಿದುಕೊಳ್ಳಬೇಕಾಗಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಜನಕ್ಕೆ ಬರಗಾಲದ ಪರಿಚಯ ಹೇಳಿಕೊಡಬೇಕೆ? ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮ ಬಂದುಹೋದ ಮೇಲೆ ೧೮೮೧ರಲ್ಲಿ ಜನಗಣತಿ ಮಾಡಿದಾಗ, ೧೮೭೧ರಲ್ಲಿ ಐವತ್ತು ಲಕ್ಷಕ್ಕೆ ಮೀರಿದ್ದ ಮೈಸೂರು ಸಂಸ್ಥಾನದ ಜನ ನಲವತ್ತೆರಡು ಲಕ್ಷಕ್ಕೂ ಕೆಳಗಿಳಿದಿತ್ತು. ಅಂಥ ಕಾಲದಲ್ಲಿ ಮೈಯ ಕೊಬ್ಬೆಂದರೆ ಹಗೇವಿನ ರಾಗಿಯಿದ್ದಂತೆ, ಕಷ್ಟಕಾಲಕ್ಕೆ ಆಪದ್ಧನ. ಹಗೇವಿನ ಬಾಯಿ ತೆರೆಯಲು ರೈತ ಹಿಂದೆಮುಂದೆ ನೋಡುವಂತೆ ದೇಹವೂ ಈ ಕೊಬ್ಬನ್ನು ಬಿಡಲು ಹಿಂದೆಮುಂದೆ ನೋಡುತ್ತದೆ. ತೂಕ ಇಳಿದ ದೇಹ ಮೊದಲಿಗಿಂತ ಕಡಿಮೆ ಖರ್ಚಿನಲ್ಲಿ ಸಂಸಾರ ನಡೆಸತೊಡಗುತ್ತದೆ, ಹಸಿವನ್ನೂ ಹೆಚ್ಚಿಸುತ್ತದೆ. ಅಲ್ಲದೆ, ಸ್ಟಾಕ್‌ಹೋಮಿನ ವಿಜ್ಞಾನಿಗಳು ೨೦೦೮ರಲ್ಲಿ ತೋರಿಸಿಕೊಟ್ಟಂತೆ, ತೂಕ ಇಳಿದಾಗ ಕೊಬ್ಬಿನ ಕಣಗಳು ಸಣ್ಣಗಾಗುತ್ತವೆಯೇ ಹೊರತು ಲೆಕ್ಕದಲ್ಲಿ ಕಡಿಮೆಯಾಗುವುದಿಲ್ಲ. ಹಗೇವು ಬರಿದಾದರೂ ಗುಂಡಿ ಅಲ್ಲಿಯೇ ಇರುತ್ತದೆ, ತುಂಬಿಸುವವರಿಗಾಗಿ ಕಾಯುತ್ತಾ.

ಆದರೆ ಹಿಂದಿನ ದುಡಿಮೆ ಈಗ ಎಲ್ಲಿದೆ? ಕಪಿಲೆ ಹೊಡೆಯುವ ಕೆಲಸವನ್ನು ಪಂಪು ಮಾಡುತ್ತದೆ. ರಾಗಿಕಲ್ಲಿನ ಕೆಲಸವನ್ನು ಗಿರಣಿ ಮಾಡುತ್ತದೆ. ನೇಗಿಲಿನ ಕೆಲಸ ಟ್ರ್ಯಾಕ್ಟರಿನದು. ಪಾವಗಡದ ತಿರುಮಣಿಯ ಸುತ್ತ ಸುಮಾರು ೧೩,೦೦೦ ಎಕರೆ ಹೊಲವನ್ನು ರೈತರಿಂದ ಗುತ್ತಿಗೆಗೆ ಪಡೆದು ೨೦೧೮ರಿಂದ ಬಿಸಿಲಿನಿಂದ ವಿದ್ಯುತ್ತು ತೆಗೆಯಲಾಗುತ್ತಿದೆ. ಮಳೆ ನಂಬಿ ಕೆಟ್ಟಿದ್ದ ಸೀಮೆಯಲ್ಲಿ ವರ್ಷವರ್ಷವೂ ಗುತ್ತಿಗೆ ಹಣ ಬರುವುದು ಸಣ್ಣ ಮಾತಲ್ಲ. ಆದರೆ ಹೊಲ ಗುತ್ತಿಗೆಗೆ ಹೋದಾಗ ಹೊಲದ ದುಡಿಮೆಯೂ ಜೊತೆಗೆ ಹೋಗುತ್ತದೆ. ಊಟ ಮಾತ್ರ ಉತ್ತು ಬಿತ್ತುವವನ ಊಟವಾಗಿಯೇ ಉಳಿದರೆ ಹೆಚ್ಚಿನದು ಎಲ್ಲಿ ಸೇರಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ದೇಶವ್ಯಾಪಿ ಸಮೀಕ್ಷೆಯ ವರದಿ ೨೦೨೩ರಲ್ಲಿ ಹೊರಬಂತು. ಅದರಂತೆ ವಯಸ್ಕರಲ್ಲಿ ನೂರಕ್ಕೆ ೩೯.೫ ಮಂದಿಗೆ ಹೊಟ್ಟೆಯ ಬೊಜ್ಜು ಇದೆ.

ಇನ್ನು ಪರಿಹಾರ. ಮೊದಲು, ಯಾವುದು ಪರಿಹಾರವಲ್ಲ ಎಂಬುದನ್ನು ನೋಡೋಣ. ಹೊಟ್ಟೆಯ ಕೊಬ್ಬು ಕರಗಲು ಹೊಟ್ಟೆಗೇ ವ್ಯಾಯಾಮ ಕೊಡಬೇಕೆಂಬ ನಂಬಿಕೆ ಬಹಳ ಹಳೆಯದು. ೧೯೮೪ರಲ್ಲಿ ಅಮೆರಿಕದಲ್ಲಿ ಹದಿಮೂರು ಮಂದಿ ಗಂಡಸರನ್ನು ೨೭ ದಿನಗಳಲ್ಲಿ ಐದು ಸಾವಿರ ಸಲ ಮಲಗಿಸಿ ಏಳಿಸಿ ನೋಡಿದರು. ಅವರ ಹೊಟ್ಟೆ, ಬೆನ್ನು, ಪೃಷ್ಠ ಮೂರೂ ಕಡೆಯ ಕೊಬ್ಬಿನ ಕಣಗಳು ಒಂದೇ ಸಮನೆ ಸಣ್ಣಗಾಗಿದ್ದವು. ಹೊಟ್ಟೆಗೆ ವಿಶೇಷ ಲಾಭವೇನೂ ಇರಲಿಲ್ಲ. ಕೊಬ್ಬೆಂಬುದು ಇಡೀ ಊರಿನ ಕೆರೆ. ಯಾವ ತೂಬಿನಿಂದ ನೀರು ಬಿಟ್ಟರೂ ಇಳಿಯುವುದು ಇಡೀ ಕೆರೆಯ ಮಟ್ಟವೇ. ಅಂಚಿನ ಆಳವಿಲ್ಲದ ಕಡೆ ಮೊದಲು ಒಣಗುತ್ತದೆ, ನಡುವಿನ ಗುಂಡಿ ಕೊನೆಗೆ.

ಸೊಂಟಕ್ಕೆ ಬೆವರಿನ ಪಟ್ಟಿ ಕಟ್ಟಿದರೆ ಹೋಗುವುದು ನೀರು; ಒಂದು ಚೆಂಬು ನೀರು ಕುಡಿದರೆ ಮರಳಿ ಬಂತು. ಕೊಬ್ಬು ಬೆವರಾಗಿ ಹೋಗುವುದೂ ಅಲ್ಲ. ಹತ್ತು ಕಿಲೋ ಕೊಬ್ಬು ದೇಹದಲ್ಲಿ ಉರಿದರೆ ಅದರಲ್ಲಿ ೮.೪ ಕಿಲೋ ಇಂಗಾಲದ ಡೈಆಕ್ಸೈಡಾಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ ೧.೬ ಕಿಲೋ ನೀರಾಗುತ್ತದೆ ಎಂದು ೨೦೧೪ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಹಾಗೆಂದು ಸುಮ್ಮನೆ ಕೂತು ಜೋರಾಗಿ ಉಸಿರಾಡಿದರೆ ಆಗದು. ದೇಹ ದುಡಿದು ಉರಿಸಿದಾಗಲೇ ಆ ಉಸಿರು ಕೊಬ್ಬನ್ನು ಹೊತ್ತು ಹೋಗುತ್ತದೆ.

ಜೇನಿನ ಬೆಟ್ಟವೆಂದೇ ಹೆಸರು ಪಡೆದ ಮಧುಗಿರಿಯವರು ಬೇಸರಿಸಬಾರದು: ಬಿಸಿನೀರಿಗೆ ಜೇನು ಹಾಕಿ ಕುಡಿದರೆ ಬೊಜ್ಜು ಕರಗುವುದಿಲ್ಲ. ಜೇನೂ ಒಂದು ಬಗೆಯ ಸಕ್ಕರೆಯೇ. ಕೊರಟಗೆರೆಯ ಸಿದ್ಧರಬೆಟ್ಟ ಗಿಡಮೂಲಿಕೆಗಳಿಗೆ ಹೆಸರಾದದ್ದು. ಆದರೆ ಬೆಟ್ಟದ ಬೇರಿಗಿಂತ ಬೆಟ್ಟ ಹತ್ತುವುದರಿಂದಲೇ ಈ ವಿಚಾರದಲ್ಲಿ ಹೆಚ್ಚು ಗುಣ. ಹೆಸರಿಲ್ಲದ ಪುಡಿ, ಮಾತ್ರೆಗಳನ್ನಂತೂ ಮುಟ್ಟಬೇಡಿ. ಕೊಬ್ಬನ್ನು ಹೀರಿ ತೆಗೆಯುವ ಶಸ್ತ್ರಕ್ರಿಯೆಯೂ ಚರ್ಮದಡಿಯದನ್ನು ತೆಗೆಯುತ್ತದೆಯೇ ಹೊರತು ಒಳಗೊಬ್ಬನ್ನಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು, ತೂಕವನ್ನು ಇನ್ನಷ್ಟು ಇಳಿಸುವ ಆತುರ ಬಿಟ್ಟು, ಇಳಿದ ತೂಕವನ್ನು ಕೆಲವು ತಿಂಗಳು ಹಾಗೆಯೇ ನಿಲ್ಲಿಸಿಕೊಳ್ಳಿ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ೩೬ ಮಂದಿ ಸ್ವಯಂಸೇವಕರನ್ನು ಅರೆಹೊಟ್ಟೆಯಲ್ಲಿಟ್ಟು ನೋಡಿದ್ದರು. ಮತ್ತೆ ಊಟ ಕೊಟ್ಟಾಗ ಮಾಂಸಕ್ಕಿಂತ ಮೊದಲು ಮರಳಿ ಬಂದದ್ದು ಕೊಬ್ಬು. ಉಪವಾಸ ಮಾಡಿ ಮಾಡಿ ಬಿಡುವವರ ಗತಿ ಇದೇ: ಪ್ರತಿ ಸಲವೂ ಮಾಂಸ ಸವೆಯುತ್ತದೆ, ಕೊಬ್ಬು ಮರಳುತ್ತದೆ.

ಎರಡನೆಯದು, ಮಾಂಸಖಂಡ ಬೆಳೆಸಿ. ವಾರಕ್ಕೆ ಎರಡು ಮೂರು ದಿನವಾದರೂ ಗರಡಿಯ ಬಸ್ಕಿ, ದಂಡೆ. ಆಗದವರು ಗೋಡೆಗೆ ಕೈಕೊಟ್ಟು ದಂಡೆ, ಕುರ್ಚಿಯಿಂದ ಕೈ ಊರದೆ ಏಳುವುದು. ಹೆಂಗಸರಿಗೂ ಇದು ಬೇಕು. ಖಾಲಿಯಾದ ಚರ್ಮದ ಕೆಳಗೆ ಸ್ನಾಯು ತುಂಬಿಕೊಂಡರೆ ಮಡಿಕೆಯೂ ಸ್ವಲ್ಪ ಬಿಗಿಯಾಗುತ್ತದೆ. ದಿನವೂ ನಡಿಗೆ ಇದ್ದೇ ಇದೆ. ಅದರಲ್ಲಿಯೂ ಉಂಡ ಮೇಲೆ ಹದಿನೈದು ನಿಮಿಷ ಅಡ್ಡಾಡಿದರೆ ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ.

ಮೂರನೆಯದು ಊಟ. ರಾಗಿ ಮುದ್ದೆ ಒಳ್ಳೆಯದೇ. ಆದರೆ ಮುದ್ದೆಯ ಗಾತ್ರ ದುಡಿಮೆಯ ಗಾತ್ರಕ್ಕೆ ತಕ್ಕಂತಿರಬೇಕು. ಮುದ್ದೆ ಅರ್ಧವಾಗಲಿ, ಸಾರಿನ ಕಾಳು ಎರಡರಷ್ಟಾಗಲಿ. ಹುರುಳಿಯಲ್ಲಿ ನೂರು ಗ್ರಾಮಿಗೆ ಸುಮಾರು ೨೨ ಗ್ರಾಂ ಸಸಾರಜನಕವಿದೆ. ಅವರೆ, ತೊಗರಿ, ಅಲಸಂದೆ, ಮೊಟ್ಟೆ, ಮಜ್ಜಿಗೆ ಎಲ್ಲವೂ ಆದೀತು. ಸೊಪ್ಪು ಧಾರಾಳವಾಗಿರಲಿ. ಪಾವಗಡದ ಕಡಲೇಕಾಯಿ ಒಂದು ಹಿಡಿ ತಿಂದರೆ ಪುಷ್ಟಿ. ಮಾತಿಗೆ ಕೂತು ಸೇರುಗಟ್ಟಲೆ ಮುಗಿಸಿದರೆ ಬೊಜ್ಜು. ದಿನಕ್ಕೆ ಐದು ಲೋಟ ಟೀ, ಲೋಟಕ್ಕೆರಡು ಚಮಚ ಸಕ್ಕರೆ ಎಂದರೆ ಸುಮಾರು ಇನ್ನೂರು ಕ್ಯಾಲೊರಿ. ಅದನ್ನು ಕರಗಿಸಲು ಒಂದು ಗಂಟೆಯ ನಡಿಗೆ ಬೇಕು. ಮದ್ಯವೂ ಬೀಡಿ ಸಿಗರೇಟೂ ಹೊಟ್ಟೆಯ ಕೊಬ್ಬಿನ ನೆಂಟರೇ. ನಿದ್ದೆಗೆಟ್ಟವರಿಗೆ ಹಸಿವು ಹೆಚ್ಚು. ರಾತ್ರಿ ಏಳು ಗಂಟೆಗಳ ನಿದ್ದೆಯನ್ನು ಕದಿಯಬೇಡಿ.

ನಾಲ್ಕನೆಯದು, ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು ತೂಕ ಇಳಿದ ಮೇಲೆ ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನು ಮತ್ತೆ ಗೊತ್ತುಮಾಡಿಸಿಕೊಳ್ಳಬೇಕು. ಭಾರವಾಗಿದ್ದ ದೇಹಕ್ಕೆ ಸರಿಹೋಗುತ್ತಿದ್ದ ಮಾತ್ರೆ ಇಳಿದ ದೇಹಕ್ಕೆ ಹೆಚ್ಚಾಗಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಅದು ಬರಿಯ ಸುಸ್ತಲ್ಲ, ಸಕ್ಕರೆ ಇಳಿದಿರುವ ಸೂಚನೆ. ಕೂಡಲೆ ಸಕ್ಕರೆಯನ್ನೋ ಬೆಲ್ಲವನ್ನೋ ಬಾಯಿಗೆ ಹಾಕಿಕೊಳ್ಳಬೇಕು.

ಉಳಿದದ್ದು ಚರ್ಮದ ಮಾತು. ಅದು ಒಂದೆರಡು ವರ್ಷಗಳಲ್ಲಿ ತಕ್ಕಮಟ್ಟಿಗೆ ಕುಗ್ಗುತ್ತದೆ; ವಯಸ್ಸಾದವರಲ್ಲಿ, ಬಹಳ ತೂಕ ಇಳಿಸಿದವರಲ್ಲಿ ಪೂರ್ತಿ ಕುಗ್ಗದೆಯೂ ಇರಬಹುದು. ಮಡಿಕೆಯಲ್ಲಿ ಬೆವರು ನಿಂತು ಹುಣ್ಣಾಗುತ್ತಿದ್ದರೆ ಶಸ್ತ್ರವೈದ್ಯರನ್ನು ಕೇಳಬಹುದು. ಹಾಗಿಲ್ಲವಾದರೆ ಅದರಿಂದ ಕೇಡೇನೂ ಇಲ್ಲ; ನೀವು ಹೊತ್ತಿದ್ದು ಇಳಿಸಿದ ಭಾರದ ಗುರುತು ಅದು. ಬಾಣಂತನದ ಗೆರೆಗಳನ್ನು ಯಾವ ತಾಯಿಯೂ ಸೋಲೆಂದು ಎಣಿಸುವುದಿಲ್ಲವಷ್ಟೆ?

ಆದುದರಿಂದ ಕನ್ನಡಿಯೊಂದನ್ನೇ ನ್ಯಾಯಾಧೀಶನನ್ನಾಗಿ ಮಾಡಿಕೊಳ್ಳಬೇಡಿ. ತಿಂಗಳಿಗೊಮ್ಮೆ ದಾರ ಸುತ್ತಿ ನೋಡಿ; ಮೂರು ತಿಂಗಳಿಗೊಮ್ಮೆ ರಕ್ತದ ಸಕ್ಕರೆ, ಒತ್ತಡ ನೋಡಿಸಿ; ಒಂದು ಬಿಂದಿಗೆ ನೀರು ಹೊತ್ತು ಮೆಟ್ಟಿಲೇರಿದಾಗ ಏದುಸಿರು ಬರುವುದೇ ಎಂದು ಗಮನಿಸಿ. ಈ ಮೂರೂ ನಿಮ್ಮ ಕಡೆ ಸಾಕ್ಷಿ ಹೇಳುತ್ತಿದ್ದರೆ, ಹೊಕ್ಕುಳ ಕೆಳಗಿನ ಮಡಿಕೆ ಏನು ಹೇಳಿದರೂ ನೀವು ಗೆದ್ದಿದ್ದೀರಿ. ಗೆದ್ದದ್ದನ್ನು ಉಳಿಸಿಕೊಳ್ಳುವುದೇ ಇನ್ನು ಮುಂದಿನ ಕೆಲಸ.